ಆಗುಂಬೆ ಘಾಟಿಯಲ್ಲಿ ಕೆಮ್ಮಿದ ಅಂಬಾಸಿಡರ್, ಮತ್ತು ಕಿಡಿಯ ಹಳೇ ಕತೆ

ಮಳೆ ಸ್ವಲ್ಪ ಹೊಳವಾಗಿದೆ, ಮೂರನೇ ಸಲದ ಬೋರ್ಡೋ ಹೊಡೆದು ಮುಗೀತು. ಕೊಳೆ ಬಗ್ಗೆ ಬರೀರಿ ಅಂತ ಸುಮಾರು ಜನ ಕೇಳಿದ್ದೀರಿ, ಅದನ್ನ ಮುಂದಿನ ವಾರ ಬರೀತೀನಿ. ಇವತ್ತು ಬೇರೆ ಒಂದು ಬಾಕಿ ತೀರಿಸೋದಿದೆ.

ಎರಡು ತಿಂಗಳ ಹಿಂದೆ ಇದೇ ಪೇಜಿನಲ್ಲಿ ನಮ್ಮ ಕಾರಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹಳೇ ಮೇಸ್ತ್ರಿಗಳ ಕೈ ಹೋಯ್ತು, ಇನ್ನು ಹಳೇ ಗಾಡಿ ಇಟ್ಕೊಂಡು ಪ್ರಯೋಜನ ಇಲ್ಲ ಅಂತ. ಹೆಸರು ಹಾಕಿರಲಿಲ್ಲ. ಆದರೆ ಪಾಯಿಂಟ್ ಇರೋ ಗಾಡಿ ಕೆಲಸ ಮಾಡೋ ಹಿರಿಯರು ನಮ್ಮ ಪೇಟೆಯಲ್ಲಿ ಉಳಿದಿರೋದೇ ಒಬ್ಬರು. ಯಾರಿಗೆ ಹೇಳಿದ್ದು ಅಂತ ಎಲ್ಲರಿಗೂ ಗೊತ್ತಾಯ್ತು. ಆ ಮಾತು ತಪ್ಪು. ತಪ್ಪು ಅಂತ ಹೇಗೆ ಗೊತ್ತಾಯ್ತು ಅನ್ನೋದನ್ನ ಪೂರ್ತಿ ಬರೆಯೋಕೆ ಈ ಬರಹ. ಉದ್ದ ಇದೆ, ಊಟ ಆದ್ಮೇಲೆ ಓದಿ.

ನಮ್ಮ ಕಾರು ಅಂಬಾಸಿಡರ್ ಮಾರ್ಕ್ 2, ಪೆಟ್ರೋಲ್. ಅಪ್ಪ ಅದನ್ನ ಎರಡನೇ ಕೈಯಲ್ಲಿ ತಗೊಂಡಿದ್ದು. ಅಡಿಕೆ ಮೂಟೆ, ಗೊಬ್ಬರ, ಮದುವೆ ದಿಬ್ಬಣ, ಬಾಣಂತಿಯರು, ಎಲ್ಲಾ ಅದರಲ್ಲೇ ಹೋಗಿದ್ದಾವೆ. ಈಗ ಮಗನ ಹತ್ತಿರ ಬೇರೆ ಕಾರಿದೆ. ಆದರೂ ಈ ಗಾಡಿ ನಮ್ಮ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿದೆ, ತಿಂಗಳಿಗೆ ನಾಲ್ಕು ಸಲ ಆದ್ರೂ ಹೊರಗೆ ತೆಗೀತೀನಿ.

ಜೂನ್ ಮೂರನೇ ವಾರ. ಪಕ್ಕದ ಮನೆ ಅಜ್ಜಿಯನ್ನ ಮಣಿಪಾಲಕ್ಕೆ ತೋರಿಸಿಕೊಂಡು ವಾಪಸ್ ಬರ್ತಾ ಇದ್ವಿ. ಹೋಗುವಾಗ ಏನೂ ತೊಂದರೆ ಇಲ್ಲ. ಸೋಮೇಶ್ವರ ದಾಟಿ ಘಾಟಿ ಹತ್ತೋಕೆ ಶುರು ಮಾಡಿದ್ವಿ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ನಿಮಗೆ ಗೊತ್ತೇ ಇದೆ. ಆರನೇ ತಿರುವಲ್ಲಿ ಇಂಜಿನ್ ಒಂದು ಸಲ ಕೆಮ್ಮಿತು. ಏಳನೇದರಲ್ಲಿ ಎರಡು ಸಲ. ಎಂಟನೇದು ಹತ್ತಲೇ ಇಲ್ಲ. ಆ ಮಳೆಯಲ್ಲಿ ಗಾಡಿ ಪಕ್ಕಕ್ಕೆ ನಿಲ್ಸಿ, ಚಕ್ರಕ್ಕೆ ಕಲ್ಲು ಕೊಟ್ಟು ಕೂತ್ವಿ. ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದ್ರೆ ಏನೂ ಆಗದೇ ಇದ್ದಂಗೆ ಹೊರಟಿತು. ಎರಡು ತಿರುವು ಹತ್ತಿ ಮತ್ತೆ ನಿಂತಿತು. ಹೀಗೆ ಮೇಲೆ ಬರೋ ಹೊತ್ತಿಗೆ ಎರಡು ಗಂಟೆ ಮೇಲಾಯ್ತು. ಎಂಬತ್ತು ದಾಟಿದ ಅಜ್ಜಿ ಒದ್ದೆ ಸೀರೆಯಲ್ಲಿ ನಡುಗ್ತಾ ಕೂತಿದ್ರು. ಬೈದಿದ್ರೆ ಚೆನ್ನಾಗಿತ್ತು, ಅವರು ಒಂದು ಮಾತೂ ಆಡಲಿಲ್ಲ.

ಯುಗಾದಿ ಹೊತ್ತಿಗೆ ಮೇಸ್ತ್ರಿ ಡಿಸ್ಟ್ರಿಬ್ಯೂಟರ್ ಬಿಚ್ಚಿ, ಬುಷ್ ಹಾಕಿ, ಹೊಸ ಪಾಯಿಂಟ್ ಕೂರಿಸಿಕೊಟ್ಟಿದ್ದರು. ಅದಕ್ಕೇ ನನ್ನ ಸಿಟ್ಟು ಸೀದಾ ಅವರ ಮೇಲೆ ಹೋಯ್ತು. ಮನೆಗೆ ಬಂದವನೇ ಆ ನಾಲ್ಕು ಸಾಲು ಬರೆದೆ.

ಆಮೇಲೆ ಬೇರೆ ಗ್ಯಾರೇಜಿಗೆ ತೋರಿಸ್ದೆ. ಒಬ್ಬರು ಕಾರ್ಬುರೇಟರ್ ಅಂದರು, ತೊಳೆದರು. ಇನ್ನೊಬ್ಬರು ಪೆಟ್ರೋಲ್ ಪಂಪ್ ಅಂದರು, ಬದಲಾಯಿಸಿದೆ. ಮತ್ತೊಬ್ಬರು ಇಂಜಿನ್ನೇ ಬಿಚ್ಚಬೇಕು ಅಂದರು. ಗುಜರಿಯವರು ಮನೆ ಬಾಗಿಲಿಗೇ ಬಂದು ರೇಟು ಕೇಳಿದರು. ಮಗ ಕೊಟ್ಟುಬಿಡಿ ಅಂದ. ನಾನು ಕೊಡೋಕೆ ಮೊದಲು ಒಂದು ಸಲ ನಾನೇ ಹುಡುಕಬೇಕು ಅಂತ ಹಟ ಹಿಡಿದು ಕೂತೆ. ಹುಡುಕೋಕೆ ಹೋದ್ರೆ ಮೊದಲು ಅರ್ಥ ಆಗಬೇಕಲ್ಲ, ಅದಕ್ಕೆ ಈ ಕಿಡಿ ಅನ್ನೋದು ಎಲ್ಲಿಂದ ಬಂತು ಅಂತ ಓದಿದೆ. ಮಳೆಗಾಲದ ರಾತ್ರಿ, ಕರೆಂಟ್ ಇದ್ದಾಗ ಓದೋದು, ಇಲ್ಲದಾಗ ಯೋಚನೆ ಮಾಡೋದು.

ಇಂಜಿನ್ ಅಂದ್ರೆ ಒಳಗೆ ಗಾಳಿ ಮತ್ತೆ ಪೆಟ್ರೋಲ್ ಆವಿ ಸೇರಿಸಿ ಒತ್ತಿ ಬೆಂಕಿ ಕೊಡೋದು. ಸೇರಿಸೋದು, ಒತ್ತೋದು ಹೇಗೋ ಮಾಡಬಹುದು. ಸರಿಯಾದ ಕ್ಷಣಕ್ಕೆ ಬೆಂಕಿ ಕೊಡೋದೇ ಎಲ್ಲಕ್ಕಿಂತ ಕಷ್ಟದ ಕೆಲಸ ಆಗಿತ್ತು. 1860ರಲ್ಲಿ ಪ್ಯಾರಿಸ್ಸಿನಲ್ಲಿ ಲೆನ್ವಾ ಅನ್ನೋರು ಗ್ಯಾಸ್ ಇಂಜಿನ್ ಮಾಡಿ ಅದಕ್ಕೆ ಬ್ಯಾಟರಿ, ಕಾಯಿಲ್ ಇಟ್ಟು ವಿದ್ಯುತ್ ಕಿಡಿ ಕೊಟ್ಟರು. 1876ರಲ್ಲಿ ಜರ್ಮನಿಯ ಒಟ್ಟೋ ನಾಲ್ಕು ಸ್ಟ್ರೋಕಿನ ಇಂಜಿನ್ ಮಾಡಿದರು, ಈಗಲೂ ನಮ್ಮ ಕಾರುಗಳಲ್ಲಿ ಇರೋದು ಅದೇ ತತ್ವ. ಆದರೆ ಒಟ್ಟೋ ಕಿಡಿ ನಂಬಲಿಲ್ಲ. ಪಕ್ಕದಲ್ಲಿ ಸಣ್ಣ ದೀಪ ಉರಿಸಿಟ್ಟು, ಜಾರೋ ಬಾಗಿಲಿನ ಮೂಲಕ ಜ್ವಾಲೆಯನ್ನೇ ಒಳಗೆ ಬಿಡ್ತಿದ್ದರು. ಡೈಮ್ಲರ್ ಒಂದು ಸಣ್ಣ ಕೊಳವೆಯನ್ನ ಹೊರಗಿನಿಂದ ಕೆಂಪಗೆ ಕಾಯಿಸಿ ಅದರ ಬಿಸಿಯಿಂದ ಹೊತ್ತಿಸಿದರು. ಕಾರ್ಲ್ ಬೆಂಜ್ ಮಾತ್ರ 1886ರಲ್ಲಿ ಪೇಟೆಂಟ್ ಆದ ತಮ್ಮ ಮೂರು ಚಕ್ರದ ಗಾಡಿಗೆ ಬ್ಯಾಟರಿ ಮತ್ತು ಕಾಯಿಲ್ ಇಟ್ಟರು.

ಆ ಗಾಡಿಯ ಮೊದಲ ದೂರ ಪ್ರಯಾಣ ಮಾಡಿದ್ದು ಬೆಂಜ್ ಅಲ್ಲ, ಅವರ ಹೆಂಡತಿ ಬರ್ಟಾ. 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೇ ಇಬ್ಬರು ಗಂಡು ಮಕ್ಕಳನ್ನ ಕರ್ಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೋದರು, ಸುಮಾರು ನೂರು ಕಿಲೋಮೀಟರ್. ದಾರಿಯಲ್ಲಿ ಇಂಧನದ ನಳಿಗೆ ಕಟ್ಟಿಕೊಂಡಿತು, ಟೊಪ್ಪಿಗೆಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು. ಇಗ್ನಿಷನ್ ವೈರಿನ ಮೇಲ್ಹೊದಿಕೆ ಹೋಗಿ ಕಿಡಿ ಸೋರಿತು, ಕಾಲುಚೀಲ ಬಿಗಿಯೋ ಪಟ್ಟಿಯನ್ನ ಅದಕ್ಕೆ ಸುತ್ತಿದರು. ಅಂದ್ರೆ ಕಾರಿನ ಮೊದಲ ದೊಡ್ಡ ಪ್ರಯಾಣದಲ್ಲೇ ನಮ್ಮೆಲ್ಲರ ಎರಡು ತಾಪತ್ರಯ ಬಂದುಬಿಟ್ಟಿದ್ದವು: ಒಂದು ಪೆಟ್ರೋಲ್ ಕಟ್ಟೋದು, ಇನ್ನೊಂದು ಕಿಡಿ ಸೋರೋದು. ಯಾವುದು ಯಾವುದು ಅಂತ ಆ ಹೆಣ್ಣುಮಗಳಿಗೆ ದಾರಿಯಲ್ಲೇ ಗೊತ್ತಾಯ್ತು. ನನಗೆ ಎರಡು ತಿಂಗಳು ಬೇಕಾಯ್ತು.

ಆಮೇಲೆ ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ ಬಂದರು. 1887ರಲ್ಲಿ ನಿಂತ ಜಾಗದ ಇಂಜಿನ್ನಿಗೆ ಮ್ಯಾಗ್ನೆಟೋ ಮಾಡಿದರು, 1897ರಲ್ಲಿ ಅದನ್ನ ಮೂರು ಚಕ್ರದ ಗಾಡಿಗೆ ಹೊಂದಿಸಿದರು. 1902ರಲ್ಲಿ ಅವರ ಕಂಪನಿಯ ಹೊನೊಲ್ಡ್ ಅನ್ನೋ ಇಂಜಿನಿಯರ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ ಮಾಡಿದರು. ಮ್ಯಾಗ್ನೆಟೋಗೆ ಬ್ಯಾಟರಿ ಬೇಡ, ಆಯಸ್ಕಾಂತ ತಿರುಗಿದ್ರೆ ಸಾಕು. ಔಷಧಿ ಹೊಡೆಯೋಕೆ, ನೀರೆತ್ತೋಕೆ ನಮ್ಮ ಅಪ್ಪಂದಿರ ಕಾಲದಲ್ಲಿ ಬಂದ ವಿಲಿಯರ್ಸ್ ಸೀಮೆಎಣ್ಣೆ ಇಂಜಿನ್ನಿನಲ್ಲಿ ಹಗ್ಗ ಸುತ್ತಿ ಎಳೀತಿದ್ದೆವಲ್ಲ, ಆ ಚಕ್ರದೊಳಗೆ ಇದ್ದದ್ದು ಮ್ಯಾಗ್ನೆಟೋನೇ. ನಮ್ಮ ಕಡೆ ಪ್ಲಗ್ ಅಂದ್ರೆ ಮೈಕೋ ಅನ್ನೋದು ಬಾಯಿಪಾಠ. ಅದೂ ಇದೇ ಬಾಷ್ ಸಂಬಂಧದ್ದು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾಯ್ತು, 2008ರಲ್ಲಿ ಹೆಸರು ಬಾಷ್ ಅಂತ ಬದಲಾಯ್ತು.

ನಮ್ಮ ಅಂಬಾಸಿಡರಿನ ಪದ್ಧತಿ ಮ್ಯಾಗ್ನೆಟೋ ಅಲ್ಲ, ಬ್ಯಾಟರಿ, ಕಾಯಿಲ್ ಮತ್ತು ಪಾಯಿಂಟ್. ಅದನ್ನ ಈ ರೂಪಕ್ಕೆ ತಂದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಒಹಾಯೊದ ಒಂದು ಹೊಲಮನೆಯಲ್ಲಿ 1876ರಲ್ಲಿ ಹುಟ್ಟಿದ ರೈತನ ಮಗ. ಡೇಟನ್ ಊರಿನಲ್ಲಿ ಗೆಳೆಯ ಡೀಡ್ಸ್ ಮನೆ ಹಿಂದಿನ ಕೊಟ್ಟಿಗೆಯಲ್ಲಿ ನಾಲ್ಕಾರು ಜನ ಸೇರಿ ರಾತ್ರಿ ಕೂತು ಮಾಡಿದ ಕೆಲಸ ಅದು. 1910ರ ಮಾದರಿಯ ಕ್ಯಾಡಿಲಾಕ್ ಕಾರಿಗೆ ಅದು ಬಂತು. 1912ರ ಮಾದರಿಗೆ ಅವರದ್ದೇ ಸೆಲ್ಫ್ ಸ್ಟಾರ್ಟರ್ ಬಂತು. ಅಲ್ಲಿಂದ ಮುಂದೆ ಅರವತ್ತು ವರ್ಷಕ್ಕೂ ಮೇಲೆ ಜಗತ್ತಿನ ಬಹುಪಾಲು ಪೆಟ್ರೋಲ್ ಕಾರು ಓಡಿದ್ದು ಈ ಪದ್ಧತಿಯಲ್ಲೇ. 1970ರ ದಶಕದಿಂದ ಪಾಯಿಂಟ್ ಜಾಗಕ್ಕೆ ಎಲೆಕ್ಟ್ರಾನಿಕ್ ಬರೋಕೆ ಶುರುವಾಯ್ತು. ನಮ್ಮ ಮೈಸೂರಿನಲ್ಲೇ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕ್ ಇಟ್ಟವರಿಗೆ ಪಾಯಿಂಟ್ ಉಜ್ಜೋದು ಹೊಸದಲ್ಲ.

ಇದು ಕೆಲಸ ಮಾಡೋದು ಹೀಗೆ. ಕಾಯಿಲ್ ಒಳಗೆ ಎರಡು ಸುತ್ತು ಇದೆ, ಒಂದು ದಪ್ಪ ತಂತಿಯ ಕಡಿಮೆ ಸುತ್ತು, ಇನ್ನೊಂದು ಕೂದಲಿನಂಥ ತಂತಿಯ ಸಾವಿರಾರು ಸುತ್ತು. ಪಾಯಿಂಟ್ ಮುಚ್ಚಿದ್ದಾಗ ಬ್ಯಾಟರಿಯ 12 ವೋಲ್ಟ್ ದಪ್ಪ ತಂತಿಯಲ್ಲಿ ಹರಿದು ಕಾಯಿಲ್ ಆಯಸ್ಕಾಂತ ಆಗುತ್ತೆ. ಪಾಯಿಂಟ್ ತೆರೆದ ಕ್ಷಣ ಕರೆಂಟ್ ಕಡಿದು, ಆಯಸ್ಕಾಂತ ಕುಸಿದು, ಸಣ್ಣ ತಂತಿಯಲ್ಲಿ ಸಾವಿರಗಟ್ಟಲೆ ವೋಲ್ಟ್ ಹುಟ್ಟುತ್ತೆ. ರೋಟರ್ ಅದನ್ನ 1, 3, 4, 2 ಕ್ರಮದಲ್ಲಿ ಪ್ಲಗ್ಗುಗಳಿಗೆ ಹಂಚುತ್ತೆ. ಕಟ್ಟೆ ತೂಬು ಒಮ್ಮೆಲೇ ಮುಚ್ಚಿದ್ರೆ ಪೈಪು ಧಡ್ ಅಂತ ಹೊಡ್ಕೊಳ್ಳುತ್ತಲ್ಲ, ಹಾಗೇ. ಇಂಜಿನ್ 3000 ಸುತ್ತಿನಲ್ಲಿ ಓಡ್ತಿದ್ರೆ ನಾಲ್ಕು ಸಿಲಿಂಡರಿಗೆ ಸೇರಿ ಸೆಕೆಂಡಿಗೆ 100 ಕಿಡಿ ಬೇಕು.

ಇಲ್ಲಿ ಒಂದು ತೊಡಕಿದೆ. ಪಾಯಿಂಟ್ ತೆರೆದಾಗ ಹರಿಯೋ ಕರೆಂಟ್ ಸುಮ್ಮನೆ ನಿಲ್ಲಲ್ಲ, ಸಂದಿನಲ್ಲಿ ಹಾರಿ ಮುಂದೆ ಹೋಗೋಕೆ ನೋಡುತ್ತೆ. ಹಾರಿದ್ರೆ ಎರಡು ನಷ್ಟ: ಪಾಯಿಂಟ್ ಸುಡುತ್ತೆ, ಕರೆಂಟ್ ಥಟ್ಟನೆ ಕಡಿಯದೇ ಕಿಡಿ ಬಡವಾಗುತ್ತೆ. ಅದನ್ನ ತಡೆಯೋದು ಕಂಡೆನ್ಸರ್, ಬೆರಳಿನ ತುದಿಯಷ್ಟು ದಪ್ಪದ ಒಂದು ಡಬ್ಬಿ. ಪಾಯಿಂಟ್ ತೆರೆದ ಆ ಚಣ ಕರೆಂಟಿಗೆ ನಿಲ್ಲೋಕೆ ಜಾಗ ಕೊಡುತ್ತೆ. ಇದನ್ನ ಕಾಯಿಲ್ಲಿಗೆ ಸೇರಿಸಿದವರು ಫ್ರಾನ್ಸಿನ ಫಿಝೋ, 1853ರಲ್ಲಿ. ಬೆಳಕಿನ ವೇಗ ಅಳೆದ ಅದೇ ವಿಜ್ಞಾನಿ. ಕಾಯಿಲ್ ಇನ್ನೂ ಹಳೇದು, ಐರ್ಲೆಂಡಿನ ಪಾದ್ರಿ ಮೇಷ್ಟ್ರು ನಿಕೋಲಸ್ ಕ್ಯಾಲನ್ 1836ರಲ್ಲಿ ಮಾಡಿದ್ದು. ಬೆಂಜ್ ಕಾರಿಗಿಂತ ಕಂಡೆನ್ಸರ್ 33 ವರ್ಷ ಹಿರಿಯ. ಇದನ್ನ ಓದಿದಾಗ ಒಂದು ಕ್ಷಣ ಸುಮ್ಮನಾದೆ. ಯಾಕಂದ್ರೆ ನಮ್ಮ ಗಾಡಿಯ ಕಂಡೆನ್ಸರ್ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಈಗ ಹುಡುಕಿದ ಕ್ರಮ.

ಮೊದಲು ಕಿವಿ. ಒಂದೇ ಪ್ಲಗ್ ಅಥವಾ ಒಂದೇ ವೈರ್ ಕೆಟ್ಟಿದ್ರೆ ಮಿಸ್ಸಿಂಗಿಗೆ ತಾಳ ಇರುತ್ತೆ, ಒಂದು ಕಾಲು ಕುಂಟೋ ಎತ್ತಿನ ನಡಿಗೆ ತರ. ನಮ್ಮ ಗಾಡಿಗೆ ತಾಳ ಇರಲಿಲ್ಲ, ಸಿಕ್ಕಸಿಕ್ಕ ಕಡೆ ಬಿಡ್ತಿತ್ತು. ರಬ್ಬರ್ ಕೈಚೀಲ ಹಾಕ್ಕೊಂಡು ಒಂದೊಂದೇ ಪ್ಲಗ್ ವೈರ್ ತೆಗೆದು ನೋಡಿದೆ. ನಾಲ್ಕಕ್ಕೂ ಇಂಜಿನ್ ಒಂದೇ ಸಮ ಇಳೀತು. ಪ್ಲಗ್ ಬಿಚ್ಚಿದ್ರೆ ನಾಲ್ಕರ ಬಣ್ಣವೂ ಒಂದೇ. ಅಂದ್ರೆ ತೊಂದರೆ ನಾಲ್ಕಕ್ಕೂ ಸೇರಿದ ಜಾಗದಲ್ಲಿದೆ. ಕವಲಿನಲ್ಲಿ ಅಲ್ಲ, ಕಾಲುವೆಯಲ್ಲಿ.

ಎರಡನೇದು, ಪೆಟ್ರೋಲೋ ಕಿಡಿಯೋ. ಪೆಟ್ರೋಲ್ ಕಟ್ಟಿದ್ರೆ ಗಾಡಿ ನಿಧಾನಕ್ಕೆ ಸೋಲುತ್ತೆ, ಹಸಿದ ದನ ತರ. ಕಿಡಿ ಹೋದ್ರೆ ಸ್ವಿಚ್ ಆರಿಸಿದಂಗೆ ಥಟ್ಟನೆ ಹೋಗುತ್ತೆ, ಥಟ್ಟನೆ ಬರುತ್ತೆ. ಘಾಟಿಯಲ್ಲಿ ಬಿಸಿಗೆ ಪೆಟ್ರೋಲ್ ಆವಿ ಆಗಿ ಪಂಪ್ ಎಳೆಯಲ್ಲ ಅನ್ನೋದೂ ಉಂಟು. ಅವತ್ತೇ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ನೋಡಿದ್ದೆ, ಪ್ರಯೋಜನ ಆಗಿರಲಿಲ್ಲ. ನಮ್ಮದು ಥಟ್ಟನೆ ಹೋಗೋದು. ಅಲ್ಲಿಗೆ ಕಾರ್ಬುರೇಟರ್ ತೊಳೆದದ್ದು, ಪಂಪ್ ಬದಲಾಯಿಸಿದ್ದು ಎರಡೂ ದಂಡ.

ಮೂರನೇದು, ಕತ್ತಲೆ. ರಾತ್ರಿ ದೀಪ ಆರಿಸಿ, ಬಾನೆಟ್ ತೆಗೆದು, ಇಂಜಿನ್ ಓಡಿಸಿ ನೋಡಬೇಕು. ವೈರ್ ಸೋರ್ತಿದ್ರೆ ನೀಲಿ ಮಿಂಚು ಹರಿದಾಡುತ್ತೆ. ನಮ್ಮ ಕಡೆ ಜೂನ್ ಜುಲೈಯಲ್ಲಿ ಹಳೇ ಜೀಪು, ಅಂಬಾಸಿಡರ್ ಕೆಡೋಕೆ ಮುಕ್ಕಾಲು ಕಾರಣ ಡಿಸ್ಟ್ರಿಬ್ಯೂಟರ್ ಕ್ಯಾಪಿನ ತೇವ. ಕ್ಯಾಪ್ ಒಳಗೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಇದ್ರೆ ಕಿಡಿ ಅದೇ ದಾರಿ ಹಿಡಿದು ಹೋಗ್ತಿದೆ ಅಂತ ಅರ್ಥ, ಆ ಕ್ಯಾಪ್ ಬದಲಾಯಿಸಿ. ಬರೀ ತೇವ ಆದ್ರೆ ಒಣಬಟ್ಟೆಯಲ್ಲಿ ಒರೆಸಿ ಒಲೆ ಹತ್ತಿರ ಇಟ್ರೆ ಸಾಕು. ನಮ್ಮದರಲ್ಲಿ ಮಿಂಚೂ ಇರಲಿಲ್ಲ, ಗೆರೆಯೂ ಇರಲಿಲ್ಲ.

ನಾಲ್ಕನೇದು ಕಾಯಿಲ್ ವೈರ್. ಕ್ಯಾಪಿನ ನಡುವಿನ ವೈರ್ ತೆಗೆದು, ಒಣ ಮರದ ಇಕ್ಕಳದಲ್ಲಿ ಹಿಡಿದು, ತುದಿಯನ್ನ ಇಂಜಿನ್ ಕಬ್ಬಿಣಕ್ಕೆ ಕಾಲು ಇಂಚು ದೂರ ಇಟ್ಟು ಸ್ಟಾರ್ಟರ್ ತಿರುಗಿಸಿದ್ರೆ ನೀಲಿ, ದಪ್ಪ ಕಿಡಿ ಬರಬೇಕು. ಬಂತು. ಮೂರು ದಿನ ನೋಡಿದೆ, ಮೂರು ದಿನವೂ ಚೆನ್ನಾಗಿ ಬಂತು. ಇಲ್ಲೇ ನಾನು ಎಡವಿದ್ದು. ಮೂರು ದಿನವೂ ಬೆಳಿಗ್ಗೆ, ತಣ್ಣಗಿರೋ ಇಂಜಿನ್ ನೋಡಿದ್ದೆ. ಜ್ವರ ಸಂಜೆ ಬರೋದಾದ್ರೆ ಬೆಳಿಗ್ಗೆ ಕೈ ಮುಟ್ಟಿ ನೋಡಿ ಏನು ಪ್ರಯೋಜನ?

ನಾಲ್ಕನೇ ದಿನ ಬಾನೆಟ್ ಮುಚ್ಚಿ ಅಂಗಳದಲ್ಲೇ ಮುಕ್ಕಾಲು ಗಂಟೆ ಇಂಜಿನ್ ಓಡಿಸಿದೆ. ಕೈ ಇಡೋಕೆ ಆಗದಷ್ಟು ಕಾದ ಮೇಲೆ ಅದೇ ಪರೀಕ್ಷೆ ಮಾಡಿದೆ. ಕಿಡಿ ಹಳದಿ, ದಾರದಷ್ಟು ಸಣ್ಣ, ಒಮ್ಮೆ ಬಂದ್ರೆ ಒಮ್ಮೆ ಇಲ್ಲ. ಸಮತಟ್ಟಿನಲ್ಲಿ ಇಷ್ಟು ಕಿಡಿ ಹೇಗೋ ಸಾಲುತ್ತೆ. ಘಾಟಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ತುಂಬಾ ಗಾಳಿ ಬಂದು ಒತ್ತಡ ಏರುತ್ತೆ, ಆ ಒತ್ತಡದಲ್ಲಿ ಪ್ಲಗ್ಗಿನ ಸಂದು ಹಾರೋಕೆ ಬಡ ಕಿಡಿಗೆ ಆಗಲ್ಲ. ಆರನೇ ತಿರುವಿನ ಕೆಮ್ಮು ಅದೇ.

ಇನ್ನು ಉಳಿದದ್ದು ಪಾಯಿಂಟ್, ಕಂಡೆನ್ಸರ್, ಕಾಯಿಲ್. ಕ್ಯಾಪ್ ತೆಗೆದೆ. ಪಾಯಿಂಟ್ ಸಂದು ಫೀಲರ್ ಗೇಜಿನಲ್ಲಿ 15 ಥೌ, ಮೇಸ್ತ್ರಿ ಇಟ್ಟಿದ್ದು ಕೂದಲೂ ಆಚೀಚೆ ಆಗಿರಲಿಲ್ಲ. ಆದರೆ ಪಾಯಿಂಟಿನ ಮುಖ ಸುಟ್ಟು ಕಪ್ಪು ನೀಲಿ ಆಗಿತ್ತು. ನಾಲ್ಕು ತಿಂಗಳ ಪಾಯಿಂಟ್ ಹೀಗೆ ಸುಡಬಾರದು. ಇಗ್ನಿಷನ್ ಆನ್ ಮಾಡಿ, ಪಾಯಿಂಟ್ ಮುಚ್ಚಿರೋ ಜಾಗಕ್ಕೆ ಇಂಜಿನ್ ತಿರುಗಿಸಿ, ಬಿದಿರಿನ ಕಡ್ಡಿಯಲ್ಲಿ ಪಾಯಿಂಟ್ ತೆರೆದೆ. ಚಟ್ ಅಂತ ದೊಡ್ಡ ಕಿಡಿ ಪಾಯಿಂಟಿನಲ್ಲೇ ಹಾರಿತು. ಇಂಜಿನ್ ಆರಿಸಿ, ತಣ್ಣಗಾಗೋಕೆ ಬಿಟ್ಟು ಮತ್ತೆ ನೋಡಿದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ. ಅಲ್ಲಿಗೆ ಉತ್ತರ ಸಿಕ್ತು. ಕಂಡೆನ್ಸರ್ ಬಿಸಿ ಆದಾಗ ಒಳಗಿನ ಸಂಪರ್ಕ ಬಿಡ್ತಿತ್ತು, ತಣ್ಣಗಾದ್ರೆ ಕೂಡ್ತಿತ್ತು.

ಈಗ ಹೇಳದೇ ಉಳಿದ ವಿಷಯ. ಆ ಕಂಡೆನ್ಸರ್ ಮೇಸ್ತ್ರಿ ಹಾಕಿದ್ದಲ್ಲ. ಅವರು ಯುಗಾದಿಯಲ್ಲಿ, "ಪಾಯಿಂಟ್ ಹೊಸದು ಹಾಕಿದ್ದೀನಿ, ಕಂಡೆನ್ಸರ್ ಹಳೇದೇ ಇರಲಿ, ಅದು ಗಟ್ಟಿ ಇದೆ" ಅಂತ ಹೇಳಿ ಕಳಿಸಿದ್ದರು. ಮೇ ಕೊನೆಯಲ್ಲಿ, ಮಳೆಗೆ ಮುಂಚೆ ಎಲ್ಲಾ ಹೊಸದು ಇರಲಿ ಅಂತ ಒಂದು ಅಂಗಡಿಯಲ್ಲಿ ಹೆಸರಿಲ್ಲದ ಅಗ್ಗದ ಕಂಡೆನ್ಸರ್ ತಂದು ನಾನೇ ಕೂರಿಸಿದ್ದೆ. ಎರಡು ಸ್ಕ್ರೂ ಕೆಲಸ, ಹತ್ತು ನಿಮಿಷ. ಮಾಡಿದ್ದು ಮರೆತೇಹೋಗಿತ್ತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ನೆನಪಿತ್ತು. ಹೊಸದು ಕೆಡುತ್ತಾ ಅಂತ, ಮತ್ತೆ ನಾನು ಮಾಡಿದ್ದು ತಪ್ಪಾಗುತ್ತಾ ಅಂತ, ಆ ಕಡೆ ನೋಡಲೇ ಇಲ್ಲ. ಮೂರು ಗ್ಯಾರೇಜಿನವರು ಕೇಳಿದಾಗಲೂ ಹೇಳಲಿಲ್ಲ.

ಹಳೇ ಕಂಡೆನ್ಸರ್ ಮೊಳೆ ಡಬ್ಬದಲ್ಲಿ ಬಿದ್ದಿತ್ತು. ತೆಗೆದು ಒರೆಸಿ ಹಾಕಿದೆ, ಪಾಯಿಂಟಿನ ಮುಖ ಸಣ್ಣ ಅರದಲ್ಲಿ ಉಜ್ಜಿ ಮತ್ತೆ 15 ಥೌ ಇಟ್ಟೆ, ಪ್ಲಗ್ ನಾಲ್ಕಕ್ಕೂ 25 ಥೌ. ಮಾರನೇ ದಿನ ಮಗನನ್ನ, ಎರಡು ಮೂಟೆ ಗೊಬ್ಬರವನ್ನ ಹಾಕ್ಕೊಂಡು ಸೋಮೇಶ್ವರಕ್ಕೆ ಇಳಿದು, ನಿಲ್ಲಿಸದೇ ವಾಪಸ್ ಹತ್ತಿದೆ. ಹದಿನಾಲ್ಕು ತಿರುವಿನಲ್ಲಿ ಒಂದು ಸಲವೂ ಕೆಮ್ಮಲಿಲ್ಲ. ಮಗ ಏನೂ ಅನ್ನಲಿಲ್ಲ, ಗುಜರಿಯವರ ನಂಬರ್ ಮಾತ್ರ ಆಮೇಲೆ ಕೇಳಲಿಲ್ಲ.

ಮೊನ್ನೆ ಸಂತೆ ದಿನ ಮೇಸ್ತ್ರಿ ಹತ್ತಿರ ಹೋದೆ. ನಾನು ಬರೆದದ್ದು ಅವರ ಮೊಮ್ಮಗಳು ಮೊಬೈಲಿನಲ್ಲಿ ಓದಿ ಹೇಳಿದ್ದಳಂತೆ. ಅದಾದ ಮೇಲೆ ಬರ್ತಿದ್ದ ಎರಡು ಜೀಪು ಬರೋದು ನಿಂತಿದೆ ಅಂತ ಪಕ್ಕದ ಅಂಗಡಿಯವರು ಹೇಳಿದರು. ಮೇಸ್ತ್ರಿ ಅದನ್ನ ಹೇಳಲಿಲ್ಲ. ನಾನು ಎಲ್ಲಾ ಒಪ್ಪಿಸಿದ ಮೇಲೆ ಆ ಕೆಟ್ಟ ಕಂಡೆನ್ಸರ್ ಕೈಯಲ್ಲಿ ತಿರುಗಿಸಿ ನೋಡಿ ಒಂದೇ ಮಾತು ಕೇಳಿದರು: "ಕೊನೆಗೆ ಮುಟ್ಟಿದ್ದು ಯಾವುದು ಅಂತ ಮೊದಲು ಯಾಕೆ ನೋಡ್ಲಿಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಕ್ಕೇ ಇಲ್ಲಿ ಬರೀತಿದ್ದೀನಿ. ಬೈದದ್ದು ಎಲ್ಲರೆದುರು, ತಪ್ಪಾಯ್ತು ಅನ್ನೋದೂ ಎಲ್ಲರೆದುರೇ ಆಗಬೇಕು. ಅವರ ಕೈ ಎಲ್ಲೂ ಹೋಗಿಲ್ಲ. ಜೀಪಿನವರು ಇಬ್ಬರೂ ಈ ಪೇಜ್ ಓದ್ತಾರೆ ಅಂತ ಗೊತ್ತು, ದಯವಿಟ್ಟು ವಾಪಸ್ ಹೋಗಿ.

ನಿಮ್ಮಲ್ಲಿ ಹಳೇ ಸ್ಪ್ರೇ ಪಂಪು, ಜೀಪು, ಯೆಜ್ಡಿ ಇದ್ದವರಿಗೆ ಎರಡು ಮಾತು. ಕೆಲಸ ಮಾಡ್ತಿರೋ ಹಳೇ ಕಂಡೆನ್ಸರ್ ಎಸೀಬೇಡಿ, ಡಬ್ಬದಲ್ಲಿ ಇಟ್ಕೊಳ್ಳಿ. ಬಿಸಿಯಲ್ಲಿ ಬರೋ ತೊಂದರೆಯನ್ನ ಬಿಸಿಯಲ್ಲೇ ನೋಡಿ. ಮೇಲೆ ಹೇಳಿದ ವೈರ್ ತೆಗೆಯೋ ಪರೀಕ್ಷೆ ಪಾಯಿಂಟ್ ಇರೋ ಗಾಡಿಗೆ ಮಾತ್ರ, ಈಗಿನ ಎಲೆಕ್ಟ್ರಾನಿಕ್ ಗಾಡಿಯಲ್ಲಿ ಮಾಡಿದ್ರೆ ಭಾಗಗಳೇ ಸುಡ್ತಾವೆ, ಜೋರು ಶಾಕ್ ಕೂಡಾ ಹೊಡೆಯುತ್ತೆ. ಪೆಟ್ರೋಲ್ ಸೋರ್ತಿರೋ ಕಡೆ ಕಿಡಿ ಪರೀಕ್ಷೆ ಬೇಡವೇ ಬೇಡ.

ಪಕ್ಕದ ಮನೆ ಅಜ್ಜಿಗೆ ಮುಂದಿನ ತಿಂಗಳು ಮತ್ತೆ ಮಣಿಪಾಲಕ್ಕೆ ಹೋಗೋದಿದೆ. ಬಸ್ಸಿಗೆ ಹೋಗ್ತೀನಿ ಅಂತಿದ್ದರು. ನಿನ್ನೆ ಹೋಗಿ ಕೇಳಿದೆ. ಯೋಚನೆ ಮಾಡ್ತೀನಿ ಅಂದಿದ್ದಾರೆ.